ಉಮ್ಮ ಓದಿದ ಕಾಗದ

ನನ್ನನ್ನು ಹೆತ್ತ ಉಮ್ಮನಿಗೆ ಓದು ಬರಹ ಬಾರದು ಎಂದು ನಾನು ಸರ್ಕಾರಿ ಅರ್ಜಿಯಲ್ಲೇ ಬರೆದುಕೊಟ್ಟಿದ್ದೆ. ೧೯೫೬ರಲ್ಲಿ ಅವರು ನನ್ನನ್ನು ನೋಡಲು ಕೊಲಂಬೊಗೆ ಬರುವಾಗ ಅಂಥದ್ದೊಂದು ಅರ್ಜಿ ತುಂಬಬೇಕಿತ್ತು. ನಾನಾಗ ಅಲ್ಲಿ ಬಟ್ಟೆ ಅಂಗಡಿಯ ಗುಮಾಸ್ತ. ಓದಿದ್ದು ಎಂಟನೇ ಕ್ಲಾಸು, ಜಂಬ ಮಾತ್ರ ಕಲೆಕ್ಟರನದ್ದು. ಸುಳ್ಯದ ಪಕ್ಕದ ನಮ್ಮೂರು ಅಜ್ಜಾವರದಲ್ಲಿ ಈ ರವೂಫ್ ಎಂದರೆ ಇಂಗ್ಲಿಷ್ ಬಲ್ಲವನು. ಉಮ್ಮನ ಹೆಸರಿನ ಮುಂದೆ 'ಅನಕ್ಷರಸ್ಥೆ' ಎಂದು ಬರೆಯುವಾಗ ನನ್ನ ಕೈ ಒಂದಿಷ್ಟೂ ತಡವರಿಸಲಿಲ್ಲ.

ನನ್ನ ತಂದೆ, ಬಾಪ, ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಬೀಡಿ ಕಟ್ಟಿ ನನ್ನನ್ನು ಸಾಕಿದ ಉಮ್ಮ, ನಫೀಸಮ್ಮ, ಮಂಗಳೂರಿನ ಆಚೆ ಕಾಲಿಟ್ಟವರಲ್ಲ. ಅಂಥವರು ತಮ್ಮನಾದ ಆದಂ ಕುಂಞಿಯನ್ನು ಜೊತೆಮಾಡಿಕೊಂಡು ಬಸ್ಸು, ರೈಲು, ಕೊನೆಗೆ ಹಡಗು ಹತ್ತಿ ಬಂದಿಳಿದರು. ಇಳಿದ ದಿನವೇ ಹೇಳಿದರು, "ಒಂದು ವಿಷಯ ಉಂಟು, ಮೋನೆ. ಕಾಗದದಲ್ಲಿ ಬರೆಸುವಂಥದ್ದಲ್ಲ. ನಿಧಾನಕ್ಕೆ ಹೇಳ್ತೇನೆ."

ವಿಷಯ ಏನೆಂದು ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಝೈನಬಳನ್ನು ಮದುವೆಯಾಗಿ, ನಲವತ್ತು ದಿನ ಊರಲ್ಲಿದ್ದು ಬಂದವನು ನಾನು. ಆಮೇಲೆ ಎರಡು ಸಲ ಬರುತ್ತೇನೆಂದು ಬರೆದೆ, ಎರಡು ಸಲವೂ ಹೋಗಲಿಲ್ಲ. ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಪೋಸ್ಟಿನ ಸಂಕಪ್ಪಣ್ಣ ಅದನ್ನು ನಮ್ಮ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ, ಉತ್ತರವನ್ನೂ ಬರೆದುಕೊಂಡು ಹೋಗುತ್ತಿದ್ದ. ಹತ್ತು ಜನ ಕೇಳುವ ಕಾಗದದಲ್ಲಿ ಹೆಂಡತಿಗೆ ಏನು ಬರೆಯುವುದು? 'ಕ್ಷೇಮ. ಅಲ್ಲಿ ಮಳೆ ಹೇಗಿದೆ?' ಅಷ್ಟೆ.

ಆರು ದಿನ ಉಮ್ಮ ಬಾಯಿ ಬಿಡಲಿಲ್ಲ. ನಾವು ಐದು ಮಂದಿ ಗುಮಾಸ್ತರಿದ್ದ ಬಿಡಾರದಲ್ಲಿ ಬಾಯಿ ಬಿಡಲು ಜಾಗವೂ ಇರಲಿಲ್ಲ. ಭಾನುವಾರ ರಜೆ ಬಂತು. ಇವತ್ತು ಬೈಗಳ ತಪ್ಪಿದ್ದಲ್ಲ ಎಂದುಕೊಂಡು ಮಾವನನ್ನು ಬಿಡಾರದಲ್ಲೇ ಬಿಟ್ಟು ಉಮ್ಮನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಅಲ್ಲಿ ಜೋರಾಗಿ ಮಾತಾಡಬಾರದು ಎಂಬ ನಿಯಮವಿದೆ ನೋಡಿ.

ಬಂದರಿನ ಹತ್ತಿರ ಯಾರೋ ಹಳೇ ವ್ಯಾಪಾರಿಯ ಬಂಗಲೆ ಅದು. ಒಳಗೆ ಹೋದದ್ದೇ ತಡ, ಉಮ್ಮನಿಗೆ ಸಂಭ್ರಮವೋ ಸಂಭ್ರಮ! ಹುಲ್ಲು ತುಂಬಿದ ಮೊಸಳೆಯ ಮುಂದೆ ನಿಂತು, "ಇದರ ಅಜ್ಜಿಯನ್ನೇ ನಾನು ಪಯಸ್ವಿನಿ ಹೊಳೆಯಲ್ಲಿ ನೋಡಿದ್ದೇನೆ" ಎಂದರು. ಕೊಡಪಾನದಷ್ಟು ದೊಡ್ಡ ಹಿತ್ತಾಳೆ ಪೀಕದಾನಿ ಕಂಡು, "ಅಬ್ಬ! ಇದಕ್ಕೆ ಉಗುಳುವವನ ಬಾಯಿ ಎಷ್ಟಿರಬೇಡ ಮಾರಾಯ!" ಎಂದರು. ಕನ್ನಡಿಯಲ್ಲಿ ತಾವೇ ಕಂಡಾಗ ಯಾರೋ ಪರಿಚಯದವರೆಂದು ನಕ್ಕರು. ನಾನು ಗಾಜಿನ ಪೆಟ್ಟಿಗೆಗಳ ಮೇಲೆ ಅಂಟಿಸಿದ ಚೀಟಿಗಳ ಇಂಗ್ಲಿಷನ್ನು ಗತ್ತಿನಿಂದ ಓದಿ ಹೇಳುತ್ತಿದ್ದೆ. ಅವರು ಅರ್ಧ ಕೇಳುವುದರೊಳಗೆ ಮುಂದಿನ ಪೆಟ್ಟಿಗೆಗೆ ಓಡುತ್ತಿದ್ದರು.

ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಳದಿಗಟ್ಟಿದ ನಾಲ್ಕು ಹಾಳೆಗಳಿದ್ದವು. ನಾನು ಚೀಟಿ ಓದಿದೆ. "ಅರಬಿ ಬರಹ. ಪ್ರಾರ್ಥನೆ ಇರಬಹುದು, ಅಂತ ಉಂಟು."

ಉಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡು ಭಕ್ತಿಯಿಂದ ಬಗ್ಗಿದರು. ಸ್ವಲ್ಪ ಹೊತ್ತಿಗೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ!

"ಪ್ರಾರ್ಥನೆ ಎಂತದ್ದು ಮೋನೆ, ಇದು ಕೆಮ್ಮಿನ ಮದ್ದು!"

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಅರಬಿ ಅಕ್ಷರ ಕಲಿಸುತ್ತಾರೆ. ಅದೇ ಅಕ್ಷರದಲ್ಲಿ ಮಲಯಾಳದ ಮಾತನ್ನು ಬರೆಯುವ ರೂಢಿಯೂ ಇದೆ. ಆ ಹಾಳೆಗಳಲ್ಲಿದ್ದದ್ದೂ ಅದೇ. ಉಮ್ಮನ ಪೆಟ್ಟಿಗೆಯಲ್ಲಿ ಅಂಥ ಎರಡು ಹಾಡಿನ ಪುಸ್ತಕಗಳಿದ್ದವು. ನಾನೂ ಅದನ್ನು ಕಲಿತವನೇ. ಆದರೆ ಅದು ಮುದುಕಿಯರ ವಿದ್ಯೆ, ಅದನ್ನು ಓದು ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಉಮ್ಮ ಗಾಜಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. "ಒಣಶುಂಠಿ ಪುಡಿ ಮಾಡಿ ಹಳೇ ಬೆಲ್ಲಕ್ಕೆ ಸೇರಿಸಿ ತಿನ್ನಿ. ಥಂಡಿಗೆ ಮೈಯೊಡ್ಡಿ ಮಲಗಬೇಡಿ. ಹೇಳಿದ್ರೆ ನೀವು ಕೇಳುದಿಲ್ಲ, ಗೊತ್ತುಂಟು ನನಗೆ."

ಸದ್ದು ಕೇಳಿ ಮ್ಯೂಸಿಯಮ್ಮಿನ ಮುದಿ ಅಧಿಕಾರಿ ಓಡಿ ಬಂದರು. ತಮಿಳಿನವರು. ನಾನು ಕೈಮುಗಿದು, "ಕ್ಷಮಿಸಬೇಕು ಸಾರ್, ನನ್ನ ತಾಯಿಗೆ ಓದು ಬರುದಿಲ್ಲ" ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ, "ನೀವು ಸ್ವಲ್ಪ ಸುಮ್ಮನಿರಿ" ಎಂದರು. ಉಮ್ಮನ ಮಲಯಾಳ ಅವರಿಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಬೀಗದಕೈ ತಂದು ಪೆಟ್ಟಿಗೆ ತೆಗೆದರು, ತಮ್ಮ ಕುರ್ಚಿಯನ್ನೇ ಎಳೆದು ತಂದು ಉಮ್ಮನನ್ನು ಕೂರಿಸಿದರು, ಪೆನ್ಸಿಲು ಹಿಡಿದು ಎದುರಿಗೆ ನಿಂತರು. ಸುತ್ತ ಜನ ಸೇರಿತು. ನಾನು ಜನರ ಹಿಂದೆ ಸರಿದೆ.

ಎರಡನೇ ಹಾಳೆಯಲ್ಲಿ ದನ, ಗದ್ದೆ, ನೆಂಟರ ಜಗಳ. ಉಮ್ಮ ಓದುತ್ತಾ ನಗುತ್ತಿದ್ದರು, ಜನವೂ ಅರ್ಥವಾಗದೆ ನಗುತ್ತಿತ್ತು. ಕೊನೆಯ ಹಾಳೆಗೆ ಬಂದಾಗ ಅವರ ದನಿ ಇಳಿಯಿತು.

"ಇದು ನನ್ನ ಕೈಬರಹ. ಇನ್ನೊಬ್ಬರಿಂದ ಬರೆಸಿದ್ದಲ್ಲ. ಹಾಗಾಗಿ ಹೇಳ್ತೇನೆ. ಬರುದಾದ್ರೆ ಬನ್ನಿ. ಇಲ್ಲದಿದ್ರೆ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಿ. ಕಾಯುದು ಇನ್ನು ನನ್ನಿಂದ ಆಗುದಿಲ್ಲ."

ಯಾವುದೋ ಕಾಲದಲ್ಲಿ, ಈ ಬಂದರಿಗೆ ದುಡಿಯಲು ಬಂದ ಗಂಡನಿಗೆ ಹೆಂಡತಿ ಬರೆದ ಕಾಗದ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಹಳೇ ಚೀಟಿಯನ್ನು ಅಲ್ಲೇ ಕಿತ್ತು, ಹೊಸದರಲ್ಲಿ 'ಓದಿದವರು: ನಫೀಸಮ್ಮ, ಅಜ್ಜಾವರ' ಎಂದು ಬರೆಯುವುದಾಗಿ ಹೇಳಿದರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು, ಅದರ ಬೆನ್ನಿಗೇ ನಾಚಿಕೆಯಿಂದ ಮುಖ ಬಿಸಿಯಾಯಿತು.

ಹೊರಗೆ ಮರದಡಿಯ ಬೆಂಚಿನಲ್ಲಿ ಕೂತಾಗ ಉಮ್ಮ ಹೇಳಿದರು, "ನಾನು ಹೇಳಲಿಕ್ಕೆ ಬಂದದ್ದೂ ಅದನ್ನೇ, ಮೋನೆ. ಝೈನಬ ಅಡುಗೆಮನೆಯಲ್ಲಿ ಹೊಗೆ ಅಂತ ಹೇಳಿ ಅಳ್ತಾಳೆ. ಒಲೆ ಉರಿಯದ ಹೊತ್ತಿಗೂ ಅಳ್ತಾಳೆ. ಸಂಕಪ್ಪ ಒಳ್ಳೆಯವನೇ, ಆದ್ರೆ ಅವನತ್ರ ಇದನ್ನು ಬರೆಸುದು ಹೇಗೆ?"

"ಉಮ್ಮ, ನೀವೇ ಈ ಅಕ್ಷರದಲ್ಲಿ ಬರೀಬಹುದಿತ್ತಲ್ಲ?"

"ನೀನು ಇಂಗ್ಲಿಷ್ ಕಲಿತವ. ಅಂಗಡಿಯಲ್ಲಿ ನಾಲ್ಕು ಜನರ ಎದುರು ಇಂಥ ಕಾಗದ ಬಂದ್ರೆ ನಿನಗೆ ನಾಚಿಕೆ ಆಗ್ತದೇನೋ ಅಂತ."

ಆಗುತ್ತಿತ್ತು. ಅದನ್ನು ಅವರು ಸಮುದ್ರದ ಆಚೆ ಕೂತೇ ತಿಳಿದಿದ್ದರು.

"ಝೈನಬಳಿಗೂ ಓದಲಿಕ್ಕೆ ಬರ್ತದಾ?" ಎಂದು ಕೇಳಿದೆ. ಮದುವೆಯಾಗಿ ಮೂರು ವರ್ಷವಾದ ಗಂಡ ಕೇಳುವ ಪ್ರಶ್ನೆಯೇ ಅದು?

"ನನಗಿಂತ ಚಂದ ಓದ್ತಾಳೆ."

ಅಧಿಕಾರಿಯ ಹತ್ತಿರ ಹೋಗಿ ಒಂದು ಬಿಳಿ ಹಾಳೆ, ಪೆನ್ಸಿಲು ಕೇಳಿ ತಂದೆ. ಉಮ್ಮನಿಗೆ ಅರ್ಥವಾಯಿತು. ಬೆಂಚಿನ ಆ ತುದಿಗೆ ಸರಿದು, ನನಗೆ ಬೆನ್ನು ಹಾಕಿ, ಬಂದರಿನ ಹಡಗುಗಳ ಕಡೆ ಮುಖ ಮಾಡಿ ಕೂತರು.

"ನಾನು ನೋಡುದಿಲ್ಲ. ನೀನು ಬರಿ."

ಬಲದಿಂದ ಎಡಕ್ಕೆ ಬರೆದು ಎಷ್ಟು ವರ್ಷವಾಗಿತ್ತೋ! ಕೈ ಒಂದನೇ ಕ್ಲಾಸಿನ ಮಗುವಿನಂತೆ ಸೊಟ್ಟಸೊಟ್ಟ ಓಡಿತು. ಆದರೂ ನಿಲ್ಲಲಿಲ್ಲ. ಹೆಂಡತಿಗೆ ಹೇಳಬೇಕಾದದ್ದು ಅಷ್ಟೊಂದು ನನ್ನೊಳಗೆ ಇತ್ತೆಂದು ನನಗೇ ತಿಳಿದಿರಲಿಲ್ಲ. ನಡುವೆ ಒಂದು ಅಕ್ಷರ ಮರೆತುಹೋಯಿತು. ಕೇಳಿದೆ. ಉಮ್ಮ ತಿರುಗಿ ನೋಡದೆ, ಕೈ ಮೇಲೆತ್ತಿ, ಆ ಅಕ್ಷರವನ್ನು ಗಾಳಿಯಲ್ಲೇ ಬರೆದು ತೋರಿಸಿದರು.