ಅಮ್ಮನ ಮಡಿಲಲ್ಲಿ ಹಾಲಿನ ಚೊಂಬು

ಇದು ನಡೆದದ್ದು ಎಪ್ಪತ್ತರ ದಶಕದ ಕೊನೆಯಲ್ಲೋ ಎಂಬತ್ತರ ಮೊದಲಲ್ಲೋ, ಖಚಿತವಾಗಿ ಹೇಳಲಾರೆ. ಅಪ್ಪನ ಪಿಕಪ್ ಗಾಡಿ ನನ್ನ ನೆನಪಿನಲ್ಲಿ ನೀಲಿ ಬಣ್ಣದ್ದು. ಅಕ್ಕ ಹಸಿರು ಅನ್ನುತ್ತಾಳೆ. ದಿನಚರಿ ಬರೆಯುವ ಅಭ್ಯಾಸ ನನಗೆ ಮೈಸೂರಿನಲ್ಲಿ ಎಂ.ಎ. ಓದುವಾಗ ಬಂದದ್ದು. ಅದಕ್ಕೂ ಹಿಂದಿನ ಈ ಸಂಗತಿಯಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಮನೆಯಲ್ಲಿ ಕೇಳಿ ಸೇರಿಸಿಕೊಂಡದ್ದೆಷ್ಟು ಎಂದು ಈಗ ಬಿಡಿಸಿ ಹೇಳುವುದು ಕಷ್ಟ.

ಅಕ್ಕನನ್ನು ಜಗಳೂರಿಗೆ ಕೊಟ್ಟಿತ್ತು. ಮೊದಲ ಬಸಿರು ನಿಂತಿರಲಿಲ್ಲ. ಎರಡನೆಯದು ಏಳು ತಿಂಗಳು ದಾಟಿದಾಗ ಅವಳನ್ನು ಹೆರಿಗೆಗೆ ನಮ್ಮೂರು ಚನ್ನಗಿರಿಗೆ ಕರೆತರಬೇಕೆಂದು ಅಮ್ಮ ಪಟ್ಟು ಹಿಡಿದಳು. ನರ್ಸಮ್ಮ ಮೈ ಕುಲುಕದಂತೆ ನೋಡಿಕೊಳ್ಳಿ ಎಂದಿದ್ದರು. ಬಸ್ಸಿನ ಮಾತೇ ಇರಲಿಲ್ಲ. ನಮ್ಮ ಗಾಡಿಯೂ ಕಾಳಿನ ಚೀಲ ಹೊರಲೆಂದು ಅಪ್ಪ ನ್ಯಾಮತಿಯಲ್ಲಿ ಯಾರಿಂದಲೋ ಕೊಂಡದ್ದು. ಮುಂದಿನ ಚಕ್ರಗಳ ಮೇಲೆ ಸ್ಪ್ರಿಂಗಿನ ಜಾಗದಲ್ಲಿ ದಪ್ಪ ಕಮಾನು ಪಟ್ಟಿಗಳು; ಖಾಲಿ ಇದ್ದಾಗ ಸಣ್ಣ ಕಲ್ಲು ಹತ್ತಿದರೂ ಹಲ್ಲು ಕಡಿಯುವಂತಾಗುತ್ತಿತ್ತು.

ಹೊನ್ನಾಳಿಯ ಮೇಸ್ತ್ರಿಯೊಬ್ಬ ಗುಜರಿ ಕಾರಿನ ಸುರುಳಿ ಸ್ಪ್ರಿಂಗುಗಳನ್ನು ಇಟ್ಟುಕೊಂಡಿದ್ದಾನೆಂದು ಅಪ್ಪನಿಗೆ ತಿಳಿಯಿತು. ಪಟ್ಟಿಗಳನ್ನು ಕಳಚಿ, ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಎರಡು ಕಬ್ಬಿಣದ ಕೈಗಳನ್ನು ಬೆಸೆದು, ಅವುಗಳಿಗೆ ಸುರುಳಿಯನ್ನೂ ಅದರ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರನ್ನೂ ಸಿಕ್ಕಿಸುವುದು ಅವನ ಯೋಜನೆ. ರಜೆಗೆ ಬಂದಿದ್ದ ನಾನೂ ಅಪ್ಪನ ಜೊತೆ ಹೋಗಿದ್ದೆ.

"ಅಣ್ಣಾರೇ, ಇದು ಚೀಲ ಹೊರೋ ಗಾಡಿ. ಎತ್ತಿನ ಹೆಗಲಿಗೆ ರೇಷ್ಮೆ ಸೀರೆ ಹೊದಿಸಾಕೆ ಹೊಂಟೀರಲ್ಲ" ಎಂದ ಮೇಸ್ತ್ರಿ.

"ಎತ್ತಿಗಲ್ಲಪ್ಪ, ಮಗಳಿಗೆ."

"ಹಂಗಾರೆ ಮುಂದ್ಗಡೆ ಜನ ಬಿಟ್ಟು ಬೇರೆ ಭಾರ ಬ್ಯಾಡ್ರಿ. ಹಾಕಲೇಬೇಕು ಅಂದ್ರೆ ಹಿಂದಿನ ಬಾಗಿಲ ಹತ್ರ ಹಾಕ್ರಿ. ಕೂಸು ಹುಟ್ಟಿದ ಮ್ಯಾಲೆ ಬರ್ರಿ, ಹಳೇ ಪಟ್ಟಿನೇ ಕೂರಿಸಿ ಕೊಡ್ತೀನಿ."

ಗಾಡಿ ಮನೆಗೆ ಬಂದ ಮರುದಿನ ಅಪ್ಪ ಪರೀಕ್ಷೆ ಮಾಡಿದ. ಅಕ್ಕ ಕೂರಬೇಕಾದ ಜಾಗದಲ್ಲಿ ಅಮ್ಮನನ್ನು ಕೂರಿಸಿ, ಅವಳ ಮಡಿಲಿಗೆ ಕಂಠದವರೆಗೂ ಹಾಲು ತುಂಬಿದ ಚೊಂಬು ಕೊಟ್ಟು, ಸೂಳೆಕೆರೆಯ ಏರಿಯವರೆಗೆ ಹೋಗಿ ಬಂದ. ಅಮ್ಮ ಇಳಿದವಳೇ ಸೀರೆಯನ್ನು ಬೀದಿಯವರಿಗೆಲ್ಲ ತೋರಿಸಿದಳು. ಒಂದು ಹನಿಯೂ ಬಿದ್ದಿರಲಿಲ್ಲ. ಆ ಹಾಲಿನಲ್ಲೇ ಅವತ್ತು ಪಾಯಸ ಮಾಡಿದಳು. ಗಾಡಿಯಲ್ಲಿ ಆಗ ಒಂದು ಚೀಲವೂ ಇರಲಿಲ್ಲವೆಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಥವಾ ಅಪ್ಪನಿಗೆ ಹೊಳೆದಿತ್ತೋ ಏನೋ.

ಅಕ್ಕನನ್ನು ಕರೆತರಲು ಹೋದಾಗ ಜಗಳೂರಿನಲ್ಲಿ ಅಪ್ಪ ಹಾಲಿನ ಕಥೆಯನ್ನು ಬೀಗರ ಮುಂದೆ ಮತ್ತೆ ಮತ್ತೆ ಹೇಳಿದ. ಹೊರಡುವ ಹೊತ್ತಿಗೆ ಅವರು ಶೇಂಗಾ ಚೀಲಗಳನ್ನು ಹೊರಿಸಿ ತಂದರು. ಯಾಕೆ, ಬೇಡ ಎಂದು ಅಪ್ಪ ರಾಗ ಎಳೆದ.

"ಮಗಳನ್ನ ಖಾಲಿ ಗಾಡೀಲಿ ಕಳಿಸಾಕೆ ಆಗ್ತೈತೇನ್ರೀ ಬೀಗರೇ? ಹಾಲು ತುಳುಕದ ಗಾಡಿ ಅಂತೀರಿ, ನಾಕು ಚೀಲ ಶೇಂಗಾ ಹೊರಲ್ವಾ? ಬರೀ ಮಾತಿಗೆ ಹಾಕ್ಸಿದ ಸ್ಪ್ರಿಂಗಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. "ಹೊರದೇ ಏನು, ಹಾಕ್ರಿ" ಎಂದ. ಹೆಣ್ಣು ಕೊಟ್ಟವರು ಬೀಗರ ಅಂಗಳದಲ್ಲಿ ಗಟ್ಟಿಯಾಗಿ ಬೇಡ ಅನ್ನುವುದನ್ನು ನಮ್ಮ ಕಡೆ ನಾನು ಕಂಡಿಲ್ಲ. ಹಿಂದೆ ಇಟ್ಟರೆ ಚೀಲ ಹಾರುತ್ತವೆಂದು ಅವರೇ ಅವನ್ನು ಕ್ಯಾಬಿನ್ನಿಗೆ ಒತ್ತಿ ಪೇರಿಸಿದರು. ಮೇಸ್ತ್ರಿ ಹೇಳಿದ್ದಕ್ಕೆ ನೇರ ವಿರುದ್ಧ. ಅಪ್ಪ, ಅಕ್ಕ, ಅಮ್ಮ ಮುಂದೆ ಕೂತರು. ನಾನು ಚೀಲಗಳ ಹಿಂದೆ.

ದಾವಣಗೆರೆ ದಾಟಿದ ಮೇಲೆ ಕೆಳಗಿನಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಸಂತೇಬೆನ್ನೂರಿಗೆ ಸ್ವಲ್ಪ ಮುಂಚೆ ಅಪ್ಪ ಗಾಡಿ ನಿಲ್ಲಿಸಿ ಇಳಿದ. ಎಡಗಡೆಯ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ, ಒಳಗೆ ಕೈ ಹಾಕಿ ನೋಡಿದ, ಕೈಯನ್ನು ಪಂಚೆಗೆ ಒರೆಸಿಕೊಂಡ. ಕ್ಯಾಬಿನ್ನಿನೊಳಗೆ ಏನೋ ಮಾತಾಯಿತು. ಚೀಲಗಳ ಮರೆಯಲ್ಲಿದ್ದ ನನಗೆ ಕೇಳಿಸಲಿಲ್ಲ. ಗಾಡಿ ಮತ್ತೆ ಹೊರಟಿತು. ಅವನು ಕೂತದ್ದನ್ನು ನಾನು ನಿಜವಾಗಿ ಕಂಡೆನೋ, ಆಮೇಲಾದದ್ದಕ್ಕೆ ಒಂದು ಕಾರಣ ಬೇಕೆಂದು ಮನಸ್ಸು ಕಟ್ಟಿಕೊಂಡಿತೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೆ ಪಂಚೆಯ ಮೇಲಿನ ಆ ಕಪ್ಪು ಗ್ರೀಸಿನ ಕಲೆಯನ್ನು ಆಸ್ಪತ್ರೆಯಲ್ಲೂ ನೋಡಿದ್ದೇನೆ.

ಮುಂದೆ ಒಂದು ಮೋರಿ ಇಳಿಯುವಾಗ ಬೆಸೆದಿದ್ದ ಕಬ್ಬಿಣದ ಕೈ ಕಿತ್ತುಬಂತು. ಚಕ್ರ ಒಳಗೆ ಮಡಚಿಕೊಂಡು ಗಾಡಿ ರಸ್ತೆಯಂಚಿನ ಗುಂಡಿಗೆ ಮುಗ್ಗರಿಸಿತು. ವೇಗವೇನೂ ಇರಲಿಲ್ಲ. ಯಾರಿಗೂ ತರಚು ಗಾಯ ಕೂಡ ಆಗಲಿಲ್ಲ. ಅಕ್ಕ ತಾನೇ ಇಳಿದು ನಿಂತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತಳು. ಮೆಕ್ಕೆಜೋಳದ ಲಾರಿಯೊಂದು ನಮ್ಮನ್ನು ಆಸ್ಪತ್ರೆಗೆ ತಲುಪಿಸಿತು. ಕೂಸು ಉಸಿರಾಡಿತಂತೆ, ಸಂಜೆಯವರೆಗೆ. ನನಗೆ ತೋರಿಸಲಿಲ್ಲ.

ಕಿತ್ತುಬಂದ ಕಬ್ಬಿಣದ ಕೈಗೆ ಸಂತೇಬೆನ್ನೂರಿನಲ್ಲೇ ಒರಟಾಗಿ ಬೆಸುಗೆ ಹಾಕಿಸಿಕೊಂಡು ಅಪ್ಪ ಗಾಡಿಯನ್ನು ಹೊನ್ನಾಳಿಗೆ ಒಯ್ದ. ಮೇಸ್ತ್ರಿ ಮುಖವರಳಿಸಿ, "ಏನ್ ಅಣ್ಣಾರೇ, ಇಷ್ಟು ಬೇಗ ಬಂದ್ರಿ? ಗಂಡೋ, ಹೆಣ್ಣೋ?" ಎಂದು ಕೇಳಿದನಂತೆ.

"ಹೆಣ್ಣು" ಎಂದನಂತೆ ಅಪ್ಪ. ಮೇಸ್ತ್ರಿ ಗಾಡಿಯ ಕೆಳಗೆ ನುಸುಳಿ ಆ ಒರಟು ಬೆಸುಗೆಯನ್ನು ಸವರಿ ನೋಡಿದ. ಹಳೇ ಪಟ್ಟಿಗಳನ್ನೇ ಕೂರಿಸಿ ಕಳಿಸಿದ. ಗಾಡಿ ಮೊದಲಿನಂತೆಯೇ ಕುಲುಕುತ್ತಾ ಬಹಳ ವರ್ಷ ಕಾಳು ಹೊತ್ತಿತು.

ಅಕ್ಕನಿಗೆ ಆಮೇಲೆ ಮಕ್ಕಳಾಗಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಈಗ ಇಲ್ಲ. ಗಾಡಿ ನಿಂತಾಗ ಆಡಿದ ಮಾತು ಗೊತ್ತಿರುವವಳು ಅವಳೊಬ್ಬಳೇ. ಚಕ್ರದ ಸ್ಥಿತಿ ಗೊತ್ತಿದ್ದೂ, ಬೀಗರ ಚೀಲವನ್ನು ದಾರಿಯಲ್ಲಿ ಇಳಿಸಿದರೆ ಅವಮಾನವೆಂದು ಅಪ್ಪ ಹೊರಟನೇ? ಅಥವಾ ಅಕ್ಕನೇ ಬೇಗ ಮನೆ ಸೇರೋಣ ಅಂದಳೇ? ಎರಡರಲ್ಲಿ ಯಾವುದನ್ನು ತಿಳಿದರೂ ನನಗೆ ಹಗುರವಾಗಲಾರದು. ಆದರೂ ಕಳೆದ ಬಾರಿ ಜಗಳೂರಿಗೆ ಹೋದಾಗ ಕೇಳಿಬಿಟ್ಟೆ. ಅಕ್ಕ ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತಲಿಲ್ಲ. ಅಲ್ಲಿಂದೀಚೆಗೆ ಫೋನಿನಲ್ಲಿ ಎಲ್ಲ ಮಾತಾಡುತ್ತಾಳೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಅವತ್ತು ಅಪ್ಪ ಚಕ್ರ ನೋಡಿ ಬಂದು ಹತ್ತಿದಾಗ, ಚೀಲ ಇಳಿಸಿ ಹೋಗಾಣ ಅಂತ ನಿನ್ನ ಕೇಳಿದ್ನಾ?"