ಹರಕೆ ಅತ್ತೆಯದು, ಕಾಲು ನನ್ನದು

ಕಳೆದ ವರ್ಷ ನನ್ನ ಎದೆಯಲ್ಲಿ ಸಿಕ್ಕ ಗಂಟನ್ನು ತೆಗೆಸಿ, ಇನ್ನು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂದಾದಾಗ, ಅತ್ತೆ ಅಮೆರಿಕದ ಇರ್ವಿಂಗ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು ಹರಕೆ ಹೊತ್ತರು. ಮೊದಲ ಸ್ಕ್ಯಾನ್ ಚೆನ್ನಾಗಿ ಬಂದರೆ ಸೊಸೆ ದೇವಿಯ ಬೆಟ್ಟವನ್ನು ನಡೆದು ಹತ್ತುತ್ತಾಳೆ, ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾಳೆ ಎಂದು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹರಕೆ ಅವರದು, ಕಾಲು ನನ್ನದು.

ಸ್ಕ್ಯಾನ್ ಚೆನ್ನಾಗಿಯೇ ಬಂತು. ಅಲ್ಲಿಂದ ಶುರುವಾಯಿತು ನನ್ನ ಗೋಳು. ಡಲ್ಲಾಸ್ ಸುತ್ತಮುತ್ತ ಬೆಟ್ಟ ಎಲ್ಲಿಂದ ತರುವುದು? ಇಲ್ಲಿ ಎತ್ತರ ಎಂದರೆ ಫ್ರೀವೇಯ ಫ್ಲೈಓವರ್. ಮೈಸೂರಿಗೆ ಹೋಗೋಣವೆಂದರೆ ಡಿಸೆಂಬರ್ ತನಕ ಗಂಡನಿಗೆ ರಜೆಯಿಲ್ಲ. ಎರಡನೇ ಸ್ಕ್ಯಾನ್ ಅದಕ್ಕೂ ಮೊದಲೇ ಇತ್ತು, ಹರಕೆ ತೀರಿಸದೆ ಅದಕ್ಕೆ ಹೋಗಕೂಡದು ಎಂದು ಅತ್ತೆಯ ಹಟ.

ಅಷ್ಟರಲ್ಲಿ ಗಂಡನಿಗೆ ಚೀನಾದಲ್ಲಿ ಆಫೀಸಿನ ಕೆಲಸ ಬಿತ್ತು. ಅಲ್ಲೇ ಹತ್ತಿರ ತಾಯ್‌ಶಾನ್ ಎಂಬ ಬೆಟ್ಟವಿದೆ, ಟಾವೊ ಪಂಥದವರಿಗೆ ಬಹಳ ಪವಿತ್ರ, ತುದಿಯಲ್ಲಿ ದೇವಿಯ ಹಳೆಯ ಗುಡಿಯಿದೆ, ಮೆಟ್ಟಿಲೂ ಇವೆ ಎಂದು ಪಕ್ಕದ ಮನೆಯ ಚೀನೀ ಆಂಟಿ ಅತ್ತೆಯ ಕಿವಿಗೆ ಹಾಕಿದರು. ಗಂಡನ ಜೊತೆ ನಾವಿಬ್ಬರೂ ಹೊರಟೆವು. ಮೆಟ್ಟಿಲು ಎಷ್ಟು ಎಂದು ಅತ್ತೆ ಕೇಳಲಿಲ್ಲ. ಅವರ ಪ್ರಕಾರ ದೇವಿಯ ಬೆಟ್ಟ ಎಂದರೆ ಸಾವಿರ ಮೆಟ್ಟಿಲು, ಚಾಮುಂಡಿ ಬೆಟ್ಟದ ಹಾಗೆ.

ಆರು ಸಾವಿರಕ್ಕೂ ಹೆಚ್ಚಿದ್ದವು.

ಬೆಟ್ಟದ ಬುಡದಲ್ಲಿ, ಮೆಟ್ಟಿಲು ಶುರುವಾಗುವ ಕೆಂಪು ಬಾಗಿಲಿನ ಹತ್ತಿರ ಬಗ್ಗಿ ಬಗ್ಗಿ ಹತ್ತು ಮೆಟ್ಟಿಲಿಗೆ ಹಚ್ಚಿರಬೇಕು, ಗುಡಿಸುವ ಹೆಂಗಸೊಬ್ಬಳು ಪೊರಕೆ ಹಿಡಿದು ಬಂದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ನೂರಾರು ವರ್ಷದ ಕಲ್ಲಿಗೆ ಬಣ್ಣ ಬಳಿದರೆ ಯಾರು ಸುಮ್ಮನಿರುತ್ತಾರೆ? ನನ್ನ ದುಪಟ್ಟಾದಿಂದಲೇ ಅಷ್ಟನ್ನೂ ಒರೆಸಿದೆ. ಅತ್ತೆ ಮಾತ್ರ ಜಗ್ಗಲಿಲ್ಲ.

"ಬರೀ ಬೆರಳು ಮುಟ್ಸು, ಸಾಕು" ಎಂದರು.

ಮಂಡಿ ನೋವಿನ ಅವರನ್ನು ಗಂಡ ಇನ್ನೊಂದು ದಾರಿಯಲ್ಲಿ ಅರ್ಧದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಕೇಬಲ್ ಕಾರಿನಲ್ಲಿ ತುದಿಗೆ ಕರೆದುಕೊಂಡು ಹೋದ. ನಾನು ನೂರು ಮೆಟ್ಟಿಲು ಮುಟ್ಟಿದೆ. ಸೊಂಟ ಬಿದ್ದುಹೋಯಿತು, ಸಿಟ್ಟು ನೆತ್ತಿಗೇರಿತು. ಕೆಳಗಿಳಿದು ಟ್ಯಾಕ್ಸಿ ಮಾಡಿ ಆ ಇನ್ನೊಂದು ದಾರಿಗೆ ಹೋಗಿ ನಾನೂ ಅದೇ ಬಸ್ಸು ಹತ್ತಿದೆ. ಕೇಬಲ್ ಕಾರನ್ನೂ ಹತ್ತುತ್ತಿದ್ದೆ. ಆದರೆ ಬೆವರದೆ ಹೋದರೆ ಅತ್ತೆ ಕಂಡುಹಿಡಿಯುತ್ತಾರೆ. ಮೇಲಿನಿಂದ ನೋಡುತ್ತಿದ್ದರೂ ಇರಬಹುದು ಎಂದು ಅರ್ಧದಿಂದ ಮೇಲಕ್ಕೆ ಒಂದೊಂದನ್ನೂ ಮುಟ್ಟುತ್ತಾ, ಒಂದೊಂದಕ್ಕೂ ಬೈಯುತ್ತಾ ಹತ್ತಿದೆ.

ಕೊನೆಯ ಕಡಿದಾದ ಸಾಲಿನಲ್ಲಿ ತಲೆಯೆತ್ತಿದರೆ, ಅತ್ತೆ ಕೆಳಗೆ ಬರುತ್ತಿದ್ದಾರೆ. ಕೂತುಕೊಂಡು, ಜಾರಿಕೊಂಡು, ಒಂದೊಂದು ಮೆಟ್ಟಿಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾ. ಹಿಂದೆ ಗಂಡ ನೀರಿನ ಬಾಟಲಿ ಹಿಡಿದು ಬೆಪ್ಪನಂತೆ ನಿಂತಿದ್ದ.

"ಇಷ್ಟೊಂದಿದೆ ಅಂತ ನಂಗೊತ್ತಿರ್ಲಿಲ್ಲ ಕಣೇ. ಮೇಲಿಂದು ಒಂದಷ್ಟು ನಾನೇ ಮುಟ್ಬಿಡ್ತೀನಿ" ಎಂದರು. "ಕೆಳಗಿಂದು ಒಂದೂ ಬಿಟ್ಟಿಲ್ಲ ತಾನೇ?"

ಆ ಮಂಡಿಯ ಗತಿಯೇನು ಎಂದು ಅಲ್ಲೇ ಎಲ್ಲರ ಮುಂದೆ ರೇಗಿದೆ. ಎಬ್ಬಿಸಲು ರಟ್ಟೆ ಹಿಡಿದರೆ ಬಿಡಿಸಿಕೊಂಡು ಮುಂದಿನ ಮೆಟ್ಟಿಲು ಮುಟ್ಟಿದರು. ಮುಂದಿನ ಸ್ಕ್ಯಾನಿಗೆ ನನಗಿಂತ ಅವರೇ ಹೆಚ್ಚು ಹೆದರಿದ್ದರು. ಅದು ಗೊತ್ತಾಗಿ ನನಗೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಒಂದೂ ಬಿಟ್ಟಿಲ್ಲ ಅತ್ತೆ" ಎಂದೆ.

ಅವರನ್ನು ಹಿಡಿದುಕೊಂಡು ತುದಿಗೆ ಹತ್ತಿಸಿದೆವು. ಗುಡಿಯಲ್ಲಿ ಊದುಬತ್ತಿಯ ಹೊಗೆಯ ನಡುವೆ ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ನನಗೆ ದೇವಿಯ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಊದಿದ ಮಂಡಿಗೆ ಮುಲಾಮು ಹಚ್ಚಿಕೊಂಡು ಹೋಟೆಲಿನಲ್ಲಿ ಮಲಗಿದ್ದರು. ಶಾಪಿಂಗ್ ಎಂದು ಇನ್ನೊಂದು ಸುಳ್ಳು ಹೇಳಿ ಟ್ಯಾಕ್ಸಿ ಹಿಡಿದೆ. ಕೆಂಪು ಬಾಗಿಲಲ್ಲಿ ಅದೇ ಪೊರಕೆಯ ಹೆಂಗಸು. ಎರಡೂ ಅಂಗೈ ಬಿಡಿಸಿ ತೋರಿಸಿದೆ, ಕುಂಕುಮ ಇಲ್ಲವೆಂದು ನೋಡಿ ಬಿಟ್ಟಳು. ಬಸ್ಸು ಇಳಿದಿದ್ದ ಜಾಗದವರೆಗೂ ಅತ್ತೆಯನ್ನು ಬೈದುಕೊಂಡೇ ಹತ್ತಿದೆ. ಯಾರೂ ನೋಡುತ್ತಿರಲಿಲ್ಲ. ಒಂದನ್ನೂ ಬಿಡಲಿಲ್ಲ.