ನೀರಮಾನ್ವಿ ಗುಡ್ಡದ ಕೆಂಪು ಕುರಿಗಳು

ನಾನು ಏಳನೇ ತರಗತಿಯಲ್ಲಿದ್ದ ಚಳಿಗಾಲದಲ್ಲಿ ನಮ್ಮ ಭಾನುವಾರಗಳು ರಾಯಚೂರು ಬಸ್ ನಿಲ್ದಾಣದಲ್ಲಿ ಶುರುವಾಗುತ್ತಿದ್ದವು. ಆಗಿನ ಡೈರಿ ಈಗಲೂ ನನ್ನ ಬಳಿ ಇದೆ. ಅದರ ಪ್ರಕಾರ ನವೆಂಬರ್‌ನಿಂದ ಜನವರಿಯವರೆಗೆ ಒಂಬತ್ತು ಸಲ ಚಿತ್ರ ಬರೆಯಲು ಹೋಗಿದ್ದೇವೆ. ಗಬ್ಬೂರಿಗೆ ನಾಲ್ಕು, ಹಿರೇಕೊಟ್ನೆಕಲ್ಲಿಗೆ ಮೂರು, ನೀರಮಾನ್ವಿಗೆ ಎರಡು.

ಕರೆದೊಯ್ಯುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮಾಸ್ತರು ಮಲ್ಲಪ್ಪನವರು. ತಂಡದಲ್ಲಿ ಹನ್ನೊಂದು ಜನ: ಅಂಗಡಿ ಬೋರ್ಡ್ ಬರೆಯುವವರು, ಒಬ್ಬ ಟೇಲರ್, ಒಬ್ಬ ನರ್ಸ್ ಹೀಗೆ. ಮಕ್ಕಳೆಂದರೆ ನಾನು ಮತ್ತು ಗೆಳತಿ ಸರೋಜಾ. ಬಸ್ ಇಳಿದ ಕೂಡಲೇ ಹೋಟೆಲಿನ ಮುಂದೆ ನಿಂತು ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನುತ್ತಿದ್ದೆವು. ಎಣ್ಣೆಗೈ ಕಾಗದಕ್ಕೆ ತಾಗಿದರೆ ಅಲ್ಲಿ ಬಣ್ಣ ಹಿಡಿಯದು. ಅದಕ್ಕೇ ಮಾಸ್ತರು ಎಲ್ಲರ ಕೈಯನ್ನೂ ಮೂಸಿ ನೋಡಿಯೇ ಹಲಗೆ ಕೊಡುತ್ತಿದ್ದರು.

ಅವರದೊಂದು ನಿಯಮವಿತ್ತು. ಸಂಜೆ ಚಿತ್ರಗಳನ್ನು ಕಲ್ಲಿಗೆ ಒರಗಿಸಿಟ್ಟು ಅದೇ ಊರಿನ ಯಾರನ್ನಾದರೂ ಕರೆಯುತ್ತಿದ್ದರು. ಬಂದವರು "ಇದು ನಮ್ಮದು" ಎಂದು ಗುರುತಿಸಿದರೆ ಅವರ ಹೆಸರನ್ನು ಚಿತ್ರದ ಹಿಂದೆ ಬರೆದು, ಚಳಿಗಾಲದ ಕೊನೆಗೆ ನಡೆಯುವ ಪ್ರದರ್ಶನದ ಫೈಲಿಗೆ ಸೇರಿಸುತ್ತಿದ್ದರು. ಗುರುತಿಸದಿದ್ದರೆ ಚಿತ್ರ ವಾಪಸ್ ನಮ್ಮ ಕೈಗೆ. ಎಂಟು ಭಾನುವಾರಗಳಲ್ಲಿ ಸರೋಜಾಳ ಚಿತ್ರಗಳು ಐದು ಸೇರಿದ್ದವು. ನನ್ನದು ಒಂದೂ ಇಲ್ಲ. ಬಂಡೆ, ಗಿಡ ಎಲ್ಲವನ್ನೂ ಎಣಿಸಿ ಬರೆಯುವಷ್ಟರಲ್ಲಿ ಬಸ್ ಬಂದುಬಿಡುತ್ತಿತ್ತು, ಚಿತ್ರ ಅರ್ಧಕ್ಕೇ ಉಳಿಯುತ್ತಿತ್ತು.

ಮನೆಯಲ್ಲಿ ಅಮ್ಮಿ ಪ್ರತಿ ವಾರ ಕೇಳುತ್ತಿದ್ದರು: "ದಿನ್‌ಭರ್ ಧೂಪ್ ಮೇ ಬೈಠಕೋ ಕ್ಯಾ ಲಾಯಿ?" ದಿನವಿಡೀ ಬಿಸಿಲಲ್ಲಿ ಕೂತು ಏನು ತಂದೆ ಎಂದು. ಪ್ರದರ್ಶನದಲ್ಲಿ ಒಂದಾದರೂ ಚಿತ್ರ ಇದ್ದರೆ ಮುಂದಿನ ವರ್ಷವೂ ಕಳಿಸುವುದು, ಇಲ್ಲದಿದ್ದರೆ ಭಾನುವಾರ ಟ್ಯೂಷನ್ ಎಂದು ಅಬ್ಬಾ ತೀರ್ಮಾನ ಹೇಳಿದ್ದರು.

ಒಂಬತ್ತನೆಯದೇ ಕೊನೆಯ ಭಾನುವಾರ. ನೀರಮಾನ್ವಿಯ ಗುಡ್ಡ, ಒಂದು ಬೇವಿನ ಮರ, ಕೊಯ್ದ ತೊಗರಿ ಹೊಲದಲ್ಲಿ ಮೇಯುತ್ತಿದ್ದ ಕುರಿಗಳು. ನೀರುಬಣ್ಣದಲ್ಲಿ ಬಿಳಿ ಹಚ್ಚುವಂತಿಲ್ಲ, ಬಿಳಿ ಬೇಕಾದ ಕಡೆ ಕಾಗದವನ್ನೇ ಬಿಡಬೇಕು ಎಂದು ಮಾಸ್ತರು ಕಲಿಸಿದ್ದರು. ನಾನು ನಲವತ್ತಾರು ಕುರಿಗಳಿಗೆ ನಲವತ್ತಾರು ಜಾಗ ಬಿಟ್ಟು ಸುತ್ತಲೂ ಮಣ್ಣು ತುಂಬಿದೆ. ಮೂರೂವರೆಗೆ ಚಿತ್ರ ಮುಗಿಯಿತು. ಮೊದಲ ಬಾರಿಗೆ.

ಕುರಿ ಕಾಯುತ್ತಿದ್ದ ಹನುಮವ್ವನನ್ನು ಮಾಸ್ತರು ಕರೆದರು. ಆಕೆ ಕೋಲೂರಿ ನಿಂತು ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಗುಡ್ಡ ನಮ್ದು. ಬೇವಿನ ಗಿಡಾನೂ ನಮ್ದು. ಕುರಿ ಯಾರವು?"

"ನಿಮ್ಮವೇ ಯವ್ವಾ. ನಲವತ್ತಾರು ಅದಾವ, ಎಣಿಸೀನಿ," ಎಂದೆ.

"ಲೆಕ್ಕ ಬರೋಬ್ಬರಿ ಅದ. ನಮ್ಮ ಕುರಿ ಬೆಳ್ಳಗ ಅದಾವೇನ್ ಬೇ? ತಿರುಗಿ ನೋಡು."

ತಿರುಗಿ ನೋಡಿದೆ. ಬಿಳಿ ಕುರಿ ಒಂದೂ ಇರಲಿಲ್ಲ. ಎಲ್ಲವೂ ಸುಟ್ಟ ಇಟ್ಟಿಗೆಯ ಕೆಂಪು. ಬೆಳಿಗ್ಗೆಯಿಂದ ಅವುಗಳನ್ನೇ ಎಣಿಸುತ್ತ ಪಠ್ಯಪುಸ್ತಕದ ಕುರಿಗಳನ್ನು ಬರೆದಿದ್ದೆ.

ಸರೋಜಾ ಕಿವಿಯಲ್ಲಿ ಹೇಳಿದಳು, "ಹತ್ತಿ ಹೊಲ ಅಂತ ಹೇಳಿಬಿಡು ಲೇ."

ಮಾಸ್ತರಿಗೆ ಕೇಳಿಸಿತು. "ಹತ್ತಿಗೆ ಕಾಲಿರ್ತಾವೇನು ಸರೋಜಾ? ಬಸ್ ನಾಲ್ಕೂಕಾಲಿಗೆ. ಟೈಮ್ ಅದ, ತಿದ್ದಲಿ."

ಕೆಂಪು ಕಲಸಿಕೊಂಡೆ. ಅಷ್ಟರಲ್ಲಿ ಹಿಂಡು ನೀರಿನ ಕಡೆ ಹೊರಟಿತ್ತು. "ಸ್ವಲ್ಪ ನಿಲ್ಲಿಸ್ರಿ ಯವ್ವಾ," ಎಂದೆ.

"ನಿಲ್ಲು ಅಂದ್ರ ನಿಲ್ಲಾಕ ಅವೇನು ಸಾಲಿ ಹುಡುಗ್ರ?" ಎಂದವಳು ಮಗನನ್ನು ಕೂಗಿ ಹಿಂಡನ್ನು ಒಪ್ಪಿಸಿ, ಒಂದು ಕುರಿಯನ್ನು ಹಿಡಿದು ತಂದು ನನ್ನ ಪಕ್ಕದಲ್ಲೇ ಕೂತಳು. ಉಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. "ಇದನ್ನ ನೋಡಿ ಬರಿ. ಹೊಟ್ಟಿ ತೆಳಗ ಬಣ್ಣ ತಿಳಿ ಇರ್ತದ, ನೋಡು. ಬೆನ್ನು ಗಟ್ಟಿ." ಕುಂಚ ಕಾಗದ ಮುಟ್ಟಿದಾಗಲೆಲ್ಲ ಅದು ಯಾವ ಕುರಿ ಎಂದು ಹೇಳುತ್ತಿದ್ದಳು. ಕುಂಟಿ. ಕಳ್ಳಿ. ಹಾದಿಯಲ್ಲಿ ಹುಟ್ಟಿದ್ದು.

ಬಸ್ಸಿನ ಹಾರನ್ ಕೇಳಿದಾಗ ಮೂವತ್ತೊಂಬತ್ತು ಕೆಂಪಾಗಿದ್ದವು. ಏಳು ಬಿಳಿಯಾಗಿಯೇ ಉಳಿದಿದ್ದವು. ಮಾಸ್ತರು ಹನುಮವ್ವನ ಮುಖ ನೋಡಿದರು. ನಾನು ನೋಡಲಿಲ್ಲ.

"ಇವು ನಮ್ಮವು," ಎಂದಳು.

"ಆ ಏಳು?" ಎಂದರು ಮಾಸ್ತರು.

ಆಕೆ ಬಗ್ಗಿ ಇನ್ನೊಮ್ಮೆ ನೋಡಿದಳು. "ಬ್ಯಾರೆದವರವು ಹಿಂಡಿನ್ಯಾಗ ಬೆರೆತಾವ. ಹೊತ್ತು ಮುಳುಗಿದ ಮ್ಯಾಲ ಬಂದು ಬಿಡಿಸ್ಕೊಂಡು ಹೋಗ್ತಾರ ಬಿಡ್ರಿ."

ಮಾಸ್ತರು ನಗಲಿಲ್ಲ. ಚಿತ್ರವನ್ನು ತಿರುಗಿಸಿ ತಾರೀಖು, ಊರು, ಕೆಳಗೆ ಹನುಮವ್ವ ಎಂದು ಬರೆದು ಫೈಲಿಗೆ ಸೇರಿಸಿದರು.

ಪ್ರದರ್ಶನದಲ್ಲಿ ಅಬ್ಬಾ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ಮುಂದಿನ ಚಳಿಗಾಲಕ್ಕೆ ಅನುಮತಿ ಸಿಕ್ಕಿತು. ಆದರೆ ಆ ಮಳೆಗಾಲದಲ್ಲಿ ಮಾಸ್ತರು ಮಗಳ ಊರಿಗೆ ಹೋಗಿ ಅಲ್ಲೇ ನೆಲೆಸಿದರು. ಚಳಿಗಾಲ ಬಂದಾಗ ಟೇಲರ್ ಎರಡು ಭಾನುವಾರ ಎಲ್ಲರಿಗೂ ಫೋನ್ ಮಾಡಿದರು. ಮೊದಲ ಸಲ ನಾಲ್ವರು ಬಂದೆವು, ಎರಡನೇ ಸಲ ಇಬ್ಬರು. ಅಲ್ಲಿಗೆ ಡೈರಿಯಲ್ಲಿ ಆ ಪಟ್ಟಿ ನಿಲ್ಲುತ್ತದೆ.

ಈಗ ನನಗೆ ಇಪ್ಪತ್ತೊಂದು. ಕಾಲೇಜಿನ ಕೆಲಸಕ್ಕೆ ಹೋದ ತಿಂಗಳು ಮಾನ್ವಿಗೆ ಹೋಗುವಾಗ, ಬಸ್ಸಿನ ಕಿಟಕಿಯಿಂದ ಒಂದು ಕುರಿಹಿಂಡಿನ ಫೋಟೊ ತೆಗೆದೆ. ತಾರೀಖು, ಗಂಟೆ, ಊರು ಎಲ್ಲವನ್ನೂ ಫೋನೇ ಬರೆದುಕೊಂಡಿತು. ಬಣ್ಣವೂ ಸರಿಯಾಗಿಯೇ ಬಂದಿದೆ. ಕುರಿಗಳು ಯಾರವೋ ಗೊತ್ತಿಲ್ಲ.